50ನೇ ಪುಟದ ಆಚೆ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಯಾವ ಪುಸ್ತಕವನ್ನು ಎಲ್ಲಿಯವರೆಗೆ ಓದಿದ್ದಾರೆಂದು ತಿಳಿಯಲು ಪುಸ್ತಕ ಮುಚ್ಚಿ ಹಾಳೆಗಳ ಅಂಚು ನೋಡಿದರೆ ಸಾಕಿತ್ತು. ಪತ್ತೇದಾರಿ ಕಾದಂಬರಿಗಳ ಅಂಚು ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಮಾಸಿರುತ್ತಿತ್ತು, ಬೆನ್ನಿನ ಹೊಲಿಗೆ ಸಡಿಲಾಗಿರುತ್ತಿತ್ತು. ದಪ್ಪ ಕಾದಂಬರಿಗಳಲ್ಲಿ ಮೊದಲ 50 ಪುಟಗಳಷ್ಟೇ ಕಂದು, ಅಲ್ಲಿಂದಾಚೆ ಬೆಳ್ಳಗೆ. ಈಗ ಅಲ್ಲಿ ಓದುತ್ತಿರುವ ತಮ್ಮಂದಿರು, ತಂಗಿಯರಿಗೆ ಆ ಗೆರೆ ದಾಟುವ ಬಗೆಯನ್ನೇ ಹೇಳಬೇಕೆನಿಸಿತು.

ಪತ್ತೇದಾರಿ ಓದುವುದಕ್ಕೆ ನಾಚಬೇಕಿಲ್ಲ. ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿಯಲ್ಲಿ, ಮನಸ್ಸು ಕದಡಿದ ರಾತ್ರಿಯಲ್ಲಿ ಅದು ಹಿತವೆನಿಸುವುದಕ್ಕೆ ಕಾರಣವಿದೆ. ಕೊಲೆ ಮಾಡಿದವರು ಯಾರೆಂಬುದು ಕೊನೆಗೆ ಗೊತ್ತಾಗಿಯೇ ತೀರುತ್ತದೆ ಎಂಬ ಭರವಸೆ ಮೊದಲ ಪುಟದಲ್ಲೇ ಇರುತ್ತದೆ. 1929ರಲ್ಲಿ ಇಂಗ್ಲೆಂಡಿನ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಬರೆದ 10 ನಿಯಮಗಳು ಈ ಕರಾರನ್ನೇ ಬಿಡಿಸಿ ಹೇಳಿದವು: ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು, ಗುಪ್ತ ದಾರಿ ಒಂದಕ್ಕಿಂತ ಹೆಚ್ಚಿರಬಾರದು. ದಣಿದ ತಲೆ ಇಂಥ ಕಟ್ಟುಪಾಡಿನೊಳಗೆ ನೆಮ್ಮದಿಯಾಗಿ ಕೂರುತ್ತದೆ.

ಗಟ್ಟಿ ಕಾದಂಬರಿ ಅಂಥ ಭರವಸೆ ಕೊಡುವುದಿಲ್ಲ. ರಷ್ಯದ ಲೇಖಕ ದಾಸ್ತೋವ್‌ಸ್ಕಿಯ 1866ರ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ 6 ಭಾಗಗಳಿವೆ, ಮೊದಲನೆಯದು ಮುಗಿಯುವಷ್ಟರಲ್ಲಿ ಕೊಲೆ ನಡೆದುಹೋಗಿರುತ್ತದೆ, ಅದೂ ನಮ್ಮ ಕಣ್ಣೆದುರೇ. ‘ಯಾರು’ ಎಂದು ಹುಡುಕುವ ಅಭ್ಯಾಸದಿಂದ ಬಂದವರಿಗೆ ಉಳಿದ 5 ಭಾಗ ಸುಮ್ಮನೆ ಎಳೆದಂತೆ ಕಾಣುತ್ತದೆ. ಕೊಂದವನು ಇದನ್ನು ಎದೆಯಲ್ಲಿಟ್ಟುಕೊಂಡು ಇನ್ನೆಷ್ಟು ದಿನ ಓಡಾಡಬಲ್ಲ ಎಂದು ಕೇಳಿಕೊಂಡು ಓದಿ, ಪುಟ ತಾನಾಗಿ ತಿರುಗುತ್ತದೆ.

ಆದರೆ ಬಹಳ ಮಂದಿ ಅಷ್ಟು ದೂರ ಹೋಗುವ ಮೊದಲೇ ಹೆಸರುಗಳಲ್ಲಿ ಎಡವುತ್ತಾರೆ. ರಷ್ಯನ್ ಹೆಸರಿಗೆ 3 ಭಾಗ: ಇಟ್ಟ ಹೆಸರು, ತಂದೆಯಿಂದ ಬಂದದ್ದು, ಮನೆತನದ್ದು. ಕಥೆ ಹೇಳುವ ದನಿಗೆ ಆ ಕೊಲೆಗಾರ ರಸ್ಕೋಲ್ನಿಕೋವ್, ತನಿಖೆ ಮಾಡುವ ಪೋರ್ಫಿರಿಗೆ ರೊದಿಯೊನ್ ರೊಮಾನೊವಿಚ್, ತಾಯಿಗೆ ರೋದ್ಯಾ. ಮೂವರೆಂದುಕೊಂಡಿರೋ, ಕಥೆ ಕೈತಪ್ಪಿತು. ಅಂಗೈಯಗಲದ ಚೀಟಿಯಲ್ಲಿ ಪ್ರತಿಯೊಬ್ಬರ ಹೆಸರು, ಮುದ್ದಿನ ಹೆಸರು, ಯಾರಿಗೆ ಏನಾಗಬೇಕು ಎಂಬುದನ್ನು ಬರೆದು, ಅದನ್ನೇ ಪುಟಕ್ಕೆ ಗುರುತಾಗಿ ಇಟ್ಟುಕೊಳ್ಳಿ. ಹತ್ತು ಹನ್ನೆರಡು ಹೆಸರು ತುಂಬುವ ಹೊತ್ತಿಗೆ ಚೀಟಿ ನೋಡುವ ಅಗತ್ಯವೇ ಬೀಳುವುದಿಲ್ಲ.

ಹೊತ್ತನ್ನೂ ನೋಡಿಕೊಳ್ಳಬೇಕು. ಮಲಗುವ ಮುಂಚೆ ನಾಲ್ಕೈದು ಪುಟದಂತೆ ಓದಿದರೆ ನಿನ್ನೆಯದು ಮರೆತಿರುತ್ತದೆ. ಹಿಂದಕ್ಕೆ ಹೋಗಿ ಹೋಗಿ ಬೇಸತ್ತು ಬಿಡುತ್ತೀರಿ. ಮೊದಲ 50 ಪುಟಗಳನ್ನು ಬೆಳಗಿನ ಹೊತ್ತು ಎರಡೇ ಸಲ ಕೂತು ಮುಗಿಸಿ. ಆಮೇಲೆ ದಿನಕ್ಕೆ 15 ಪುಟವಾದರೂ ಸಾಕು. ರಾತ್ರಿಗೆ ಪತ್ತೇದಾರಿಯೇ ಇರಲಿ, ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಎರಡು ಗಟ್ಟಿ ಕಾದಂಬರಿಗಳನ್ನು ಮಾತ್ರ ಒಟ್ಟಿಗೆ ಹಿಡಿಯಬೇಡಿ.

ಕೊಲೆಗಾರ ಯಾರೆಂದು ಗೊತ್ತಿರುವ ಪತ್ತೇದಾರಿಯನ್ನು ಇನ್ನೊಮ್ಮೆ ಓದಿ ನೋಡಿ. ನನ್ನ ಮಟ್ಟಿಗೆ ಅದರ ನಿಜವಾದ ರುಚಿ ಆಗಲೇ. ಮೇಜಿನ ಮೇಲೆ ಕನ್ನಡಕ, ಒಡೆದ ಲಕೋಟೆ, ನಿಂತುಹೋದ ಗಡಿಯಾರ, ಅರ್ಧ ಕುಡಿದ ಲೋಟ ಇವೆಯೆನ್ನಿ. ಸುಳಿವು ಗಡಿಯಾರದಲ್ಲಿದ್ದರೆ ಲೇಖಕರು ಅದನ್ನು ಹೀಗೆ ಪಟ್ಟಿಯ ನಡುವೆ ತೂರಿಸಿ, ಮುಂದಿನ ಸಾಲಿನಲ್ಲೇ ಯಾರಿಂದಲೋ ಬಾಗಿಲು ಬಡಿಸುತ್ತಾರೆ. ನಮ್ಮ ಗಮನ ಬಾಗಿಲಿಗೆ ಓಡುತ್ತದೆ. ಈ ಕೈಚಳಕ ಒಮ್ಮೆ ಕಂಡ ಕಣ್ಣು, ಗಟ್ಟಿ ಕಾದಂಬರಿಯಲ್ಲಿ ಒಬ್ಬಾಕೆ ಕಾಗದವನ್ನು ಎರಡು ಸಲ ಮಡಚಿಟ್ಟಳು ಎಂಬ ಸಾಲನ್ನೂ ಹಾರಿಸಿ ಓದುವುದಿಲ್ಲ.

ಪುಸ್ತಕ ಹಿಂತಿರುಗಿಸುವಾಗ ಹೆಸರಿನ ಚೀಟಿಯನ್ನು ಒಳಗೇ ಬಿಡಿ. ಮುಂದೆ ಅದನ್ನು ಎತ್ತಿಕೊಳ್ಳುವವರಿಗೂ ರೋದ್ಯಾ ಯಾರೆಂದು ಗೊತ್ತಾಗಬೇಕಲ್ಲ.