ಬಾರದ ಒಟಿಪಿಯ ಬೆನ್ನು ಹತ್ತಿ: ಒಂದು ವಾರದ ಟಿಪ್ಪಣಿ

ಶನಿವಾರ

ಹೊಸ ಫೋನಿಗೆ ಎಲ್ಲವನ್ನೂ ಸಾಗಿಸುವ ಕೆಲಸ ಬೆಳಗ್ಗೆಯೇ ಮುಗಿಯಿತು. ಕೊನೆಗೆ ಉಳಿದದ್ದು ನನ್ನ ಪತಂಗಗಳ ಖಾತೆ. ರಾತ್ರಿ ದೀಪಕ್ಕೆ ಬರುವ ಪತಂಗಗಳ ಫೋಟೊ ತೆಗೆದು, ಗುರುತು ಹಿಡಿದು ಹಾಕಲೆಂದೇ ನಾಲ್ಕು ವರ್ಷದಿಂದ ನಡೆಸುತ್ತಿರುವ ಖಾತೆ ಅದು. ಫೋಟೊಗಳ ಪ್ರತಿ ನನ್ನ ಹತ್ತಿರ ಇದೆ. ಆದರೆ ಕೆಳಗೆ ಜನ ಬರೆದದ್ದು, "ಇದು ಅದಲ್ಲ, ಹಿಂದಿನ ರೆಕ್ಕೆಯ ಗೆರೆ ಇನ್ನೊಮ್ಮೆ ನೋಡಿ" ಅಂತ ತಿದ್ದಿದ್ದು, ಅವೆಲ್ಲ ಇರುವುದು ಅಲ್ಲಿ ಮಾತ್ರ. ಹಾಗಾಗಿ ಈ ಖಾತೆಯನ್ನು ಬಿಟ್ಟು ಹೊಸದು ತೆರೆಯುವುದು ನನ್ನಿಂದ ಆಗದ ಮಾತು.

ಪಾಸ್‌ವರ್ಡ್ ಹಾಕಿದೆ, ಒಪ್ಪಿತು. ನಿಮ್ಮ ನಂಬರಿಗೆ ಆರಂಕಿಯ ಕೋಡ್ ಕಳಿಸಿದ್ದೇವೆ ಅಂತ ತೋರಿಸಿತು. ಕಾದೆ. ಬರಲಿಲ್ಲ. ರೀಸೆಂಡ್ ಒತ್ತಿದೆ. ಮತ್ತೆ ಒತ್ತಿದೆ. ಏಳನೇ ಸಲಕ್ಕೆ, ತುಂಬಾ ಸಲ ಕೇಳಿದ್ದೀರಿ, ಆಮೇಲೆ ಪ್ರಯತ್ನಿಸಿ ಅಂತ ಬಾಗಿಲು ಹಾಕಿಕೊಂಡಿತು.

ಇವತ್ತು ಮಾಡಿದ ದೊಡ್ಡ ತಪ್ಪು ಇದೇ. ರೀಸೆಂಡ್ ಒತ್ತಿದಷ್ಟೂ ಪರಿಸ್ಥಿತಿ ಕೆಡುತ್ತದೆ. ಸಾಮಾನ್ಯವಾಗಿ ಹೊಸ ಕೋಡ್ ಹೊರಟ ಕೂಡಲೇ ಹಳೆಯದು ಕೆಲಸಕ್ಕೆ ಬಾರದು. ತಡವಾಗಿ ನಾಲ್ಕು ಒಟ್ಟಿಗೆ ಬಂದರೂ ಕೊನೆಯದು ಯಾವುದು ಅಂತ ಹುಡುಕಬೇಕು. ಅಷ್ಟರಲ್ಲಿ ತಪ್ಪು ಕೋಡ್ ಹಾಕಿದ್ದಕ್ಕೆ ಇನ್ನೊಂದು ಬೀಗ ಬೀಳುತ್ತದೆ.

ಭಾನುವಾರ

ಬಾಗಿಲು ತೆರೆಯುವವರೆಗೆ ಒಂದು ಕಾಗದ ತಗೊಂಡು ಕೋಡ್ ಬರುವ ದಾರಿ ಬರೆದೆ. ಖಾತೆಯವರ ಸರ್ವರ್, ಅವರ ಪರವಾಗಿ ಎಸ್‌ಎಂಎಸ್ ಕಳಿಸುವ ಮಧ್ಯವರ್ತಿ ಕಂಪನಿ, ನನ್ನ ಮೊಬೈಲ್ ಕಂಪನಿಯ ಎಸ್‌ಎಂಎಸ್ ಕೇಂದ್ರ, ಟವರ್, ಫೋನ್, ಕೊನೆಗೆ ಮೆಸೇಜ್ ಆ್ಯಪ್. ಎಸ್‌ಎಂಎಸ್ ಕೇಂದ್ರದ ಕೆಲಸ ಅಂಚೆ ಕಚೇರಿಯ ಹಾಗೆ. ಫೋನ್ ಆಫ್ ಇದ್ದರೆ ಮೆಸೇಜನ್ನು ಇಟ್ಟುಕೊಂಡು, ಫೋನ್ ನೆಟ್‌ವರ್ಕಿಗೆ ಬಂದಾಗ ತಲುಪಿಸುತ್ತದೆ. ಆದರೆ ಇಷ್ಟೇ ಹೊತ್ತಿಗೆ ಮುಟ್ಟುತ್ತದೆ ಅನ್ನುವ ಖಾತ್ರಿ ಇಲ್ಲ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು, ಅದು ಕ್ರಿಸ್‌ಮಸ್ ಶುಭಾಶಯ. ಶುಭಾಶಯ ಸ್ವಲ್ಪ ತಡವಾದರೆ ಏನೂ ಆಗಲ್ಲ. ಕೆಲವೇ ನಿಮಿಷ ಬಾಳುವ ಕೋಡಿಗೆ ಅದೇ ಗಾಡಿ ಅಂದರೆ ಕಷ್ಟ ಅಲ್ವಾ?

ನನ್ನ ಕೈಗೆ ಸಿಗುವ ತುದಿಯಿಂದ ಶುರು ಮಾಡಿದೆ. ಪರದೆಯಲ್ಲಿ ಚುಕ್ಕೆಗಳ ಪಕ್ಕ ತೋರಿಸುವ ಕೊನೆಯ ಎರಡು ಅಂಕಿ ನನ್ನ ನಂಬರಿನವೇ. ಎಷ್ಟೋ ಜನರ ತೊಂದರೆ ಇಲ್ಲೇ ಸಿಕ್ಕಿಬಿಡುತ್ತದೆ. ಹಳೆಯ, ಬಿಟ್ಟುಬಿಟ್ಟ ನಂಬರು ಖಾತೆಯಲ್ಲಿ ಹಾಗೇ ಕೂತಿರುತ್ತದೆ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ತೆಗೆದೆ. ತಂಗಿಗೆ ಫೋನ್ ಮಾಡಿ ಒಂದು ಎಸ್‌ಎಂಎಸ್ ಹಾಕು ಅಂದೆ. ವಾಟ್ಸಾಪ್ ಅಲ್ಲ, ಬರೀ ಎಸ್‌ಎಂಎಸ್. "ಬಂತಾ ಅಣ್ಣ?" ಅಂತ ಅವಳು ಕೇಳುವಷ್ಟರಲ್ಲಿ ಬಂದಿತ್ತು. ಬ್ಯಾಂಕಿನ ಆ್ಯಪಿನಿಂದ ಒಂದು ಒಟಿಪಿ ಕೇಳಿದೆ. ಅದೂ ಬಂತು.

ಅಂದರೆ ಸಿಮ್ ಸರಿ ಇದೆ, ಟವರ್ ಸರಿ ಇದೆ. ಬರದೇ ಇರುವುದು ಇದೊಂದೇ ಕಡೆಯಿಂದ. ಹೊಸ ಸಿಮ್ ತಗೊಂಡಿದ್ದರೆ ಇನ್ನೊಂದು ಅನುಮಾನ ಇರುತ್ತಿತ್ತು. ಬೇರೆಯವರ ನಂಬರಿಗೆ ಮೋಸದಿಂದ ಹೊಸ ಸಿಮ್ ತೆಗೆದುಕೊಳ್ಳುವವರನ್ನು ತಡೆಯಲು ಕೆಲವು ದೇಶಗಳಲ್ಲಿ ಸಿಮ್ ಬದಲಿಸಿದ ಮೇಲೆ ಒಂದಿಡೀ ದಿನ ಎಸ್‌ಎಂಎಸ್ ನಿಲ್ಲಿಸಿರುತ್ತಾರೆ. ನನ್ನದು ಹಳೆಯ ಸಿಮ್ಮೇ.

ಸೋಮವಾರ

ಬೆಳಗ್ಗೆ 6:10ಕ್ಕೆ ಒಂದೇ ಒಂದು ಸಲ ಕೋಡ್ ಕೇಳಿದೆ. ಹೊತ್ತು ಬರೆದಿಟ್ಟೆ. ಅರ್ಧ ಗಂಟೆ ಫೋನ್ ಮುಟ್ಟಲಿಲ್ಲ. ಏನೂ ಬರಲಿಲ್ಲ.

ಮೆಸೇಜ್ ಆ್ಯಪಿನ ಒಳಗೆ ಸ್ಪ್ಯಾಮ್ ಮತ್ತು ಬ್ಲಾಕ್ ಆದವುಗಳಿಗೆ ಬೇರೆ ಫೋಲ್ಡರ್ ಇದೆ. ತೆರೆದೆ. ಖಾಲಿ. ಬ್ಲಾಕ್ ಲಿಸ್ಟ್ ನೋಡಿದೆ. ಒಬ್ಬ ಸಾಲದ ಏಜೆಂಟ್, ಒಂದು ಲಾಟರಿ ನಂಬರ್, ಅಷ್ಟೇ.

ಆ ಖಾಲಿ ಫೋಲ್ಡರನ್ನು ನೋಡಿ ಮೊದಲು ಬೇಜಾರಾಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಹೊಳೆಯಿತು, ಅದೇ ಸುಳಿವು. ನನ್ನ ಫೋನ್ ತಡೆದಿದ್ದರೆ ಕೇಳಿದ ಕೋಡುಗಳೆಲ್ಲ ಅಲ್ಲಿ ಬಿದ್ದಿರಬೇಕಿತ್ತು. ಇಲ್ಲ ಅಂದರೆ ಅವು ಫೋನಿನವರೆಗೆ ಬಂದೇ ಇಲ್ಲ. ನಾನು ಹುಡುಕಬೇಕಾದ್ದು ದಾರಿಯ ಮೇಲ್ಗಡೆ.

ಇದೇ ದಿನ ಇನ್ನೊಂದು. ನನ್ನ ಕಷ್ಟ ಕೇಳಿದ ಒಬ್ಬ ಅಪರಿಚಿತರು, ಖಾತೆ ಬಿಡಿಸಿಕೊಡುತ್ತೇನೆ, ಕೋಡ್ ಬಂದ ಕೂಡಲೇ ನನಗೆ ಕಳಿಸಿ ಅಂದರು. ಇಂಥವರಿಗೆ ಉತ್ತರವನ್ನೇ ಕೊಡಬೇಡಿ. ಕೋಡ್ ಕೇಳುವವರು ಯಾರೇ ಆಗಲಿ, ಅವರಿಗೆ ಬೇಕಾದ್ದು ನಿಮ್ಮ ಖಾತೆ.

ಮಂಗಳವಾರ

ಸಿಮ್ ತೆಗೆದು ಹಳೆಯ ಫೋನಿಗೆ ಹಾಕಿದೆ. ಒಂದು ಸಲ ಕೋಡ್ ಕೇಳಿದೆ. ಅದರಲ್ಲೂ ಬರಲಿಲ್ಲ. ಹೊಸ ಫೋನಿನ ಮೇಲಿದ್ದ ಅನುಮಾನ ಪೂರ್ತಿ ಹೋಯಿತು.

ಹಳೆಯ ಮೆಸೇಜುಗಳನ್ನು ಹೊಸ ಫೋನಿಗೆ ತಂದಿರಲಿಲ್ಲ. ಅವು ಇನ್ನೂ ಇಲ್ಲೇ ಇದ್ದವು. ಹಿಂದೆ ಕೋಡ್ ಯಾವ ನಂಬರಿನಿಂದ ಬರುತ್ತಿತ್ತು ನೋಡೋಣ ಅಂತ ಹುಡುಕಿದೆ. ಐದಂಕಿಯ ಒಂದು ಚಿಕ್ಕ ನಂಬರ್ ಸಿಕ್ಕಿತು. ಮೇಲೆ ಮೂರು ವರ್ಷದ ಹಿಂದಿನ ಲಾಗಿನ್ ಕೋಡ್. ಅದರ ಕೆಳಗೆ ಸಾಲಾಗಿ, ನಿಮಗೆ ಹೊಸ ಸೂಚನೆಗಳಿವೆ, ನಿಮಗೆ ಹೊಸ ಸೂಚನೆಗಳಿವೆ. ರಾತ್ರಿ 11:40ಕ್ಕೆ ಒಂದು, 11:52ಕ್ಕೆ ಇನ್ನೊಂದು. ಅದರ ಕೆಳಗೆ ಬಲಗಡೆ, ನನ್ನದೇ ಉತ್ತರ. ಒಂದೇ ಪದ: ಸ್ಟಾಪ್. ಅದಕ್ಕೆ ಅವರ ಮರು ಉತ್ತರ, ಇನ್ನು ಈ ನಂಬರಿನಿಂದ ನಿಮಗೆ ಯಾವ ಮೆಸೇಜೂ ಬರುವುದಿಲ್ಲ.

ಯಾವ ಮೆಸೇಜೂ. ಸೂಚನೆಗಳನ್ನು ನಿಲ್ಲಿಸಿದ್ದೇನೆ ಅಂತ ನಾನಂದುಕೊಂಡಿದ್ದೆ. ಕೋಡ್ ಬರುವುದೂ ಅದೇ ನಂಬರಿನಿಂದ, ಹಾಗಾಗಿ ಅದೂ ನಿಂತಿತ್ತು. ಅಲ್ಲಿಂದ ಮೂರು ವರ್ಷ ನಾನು ಲಾಗೌಟ್ ಆಗಿಯೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಸರ್ವರಿನ ಕಡೆಯಿಂದ ನೋಡಿದರೆ ಕೋಡ್ ಹೊರಟಿದೆ. ಪರದೆಯೂ ಕಳಿಸಿದ್ದೇವೆ ಅಂತಲೇ ಹೇಳುತ್ತದೆ. ದಾರಿ ಮಧ್ಯೆ ನನ್ನದೇ ಹಳೆಯ ಮಾತು ಅದನ್ನು ನಿಲ್ಲಿಸುತ್ತಿದೆ. ಪರದೆ ಅದನ್ನು ಹೇಳಬೇಕಿತ್ತು. ಈ ನಂಬರಿಗೆ ಮೆಸೇಜ್ ನಿಲ್ಲಿಸಲು ನೀವೇ ಕೇಳಿದ್ದೀರಿ ಅನ್ನುವ ಒಂದು ಸಾಲು ಇದ್ದಿದ್ದರೆ ನನ್ನ ನಾಲ್ಕು ದಿನ ಉಳಿಯುತ್ತಿತ್ತು.

ಅದೇ ನಂಬರಿಗೆ ಸ್ಟಾರ್ಟ್ ಅಂತ ಕಳಿಸಿದೆ. ಕೆಲವೇ ಸೆಕೆಂಡಿನಲ್ಲಿ, ಮೆಸೇಜುಗಳು ಮತ್ತೆ ಶುರುವಾಗಿವೆ ಅಂತ ಉತ್ತರ ಬಂತು. ಒಂದು ಗಂಟೆ ಬಿಟ್ಟು, ಒಂದೇ ಸಲ ಕೋಡ್ ಕೇಳಿದೆ. ಟಿಂಗ್ ಅಂತು. ಆರೂ ಅಂಕಿಗಳನ್ನು ಎರಡೆರಡು ಸಲ ನೋಡಿ ಹಾಕಿದೆ. ಪತಂಗಗಳೆಲ್ಲ ಇದ್ದಲ್ಲೇ ಇದ್ದವು. ಸ್ವಲ್ಪ ಹೊತ್ತು ಸುಮ್ನೆ ಕೂತು ಹಳೆಯ ಮಾತುಗಳನ್ನೇ ಓದಿದೆ.

ಇಲ್ಲಿ ಒಂದು ವಿಷಯ. ಈ ಸ್ಟಾರ್ಟ್ ದಾರಿ ಎಲ್ಲ ಕಡೆ ನಡೆಯಲ್ಲ. ಕಳಿಸಿದವರ ಜಾಗದಲ್ಲಿ ನಂಬರಿನ ಬದಲು ಅಕ್ಷರಗಳ ಹೆಸರು ಇದ್ದರೆ ಅದಕ್ಕೆ ಉತ್ತರ ಕಳಿಸಲು ಬರುವುದಿಲ್ಲ. ಆಗ ಮೊಬೈಲ್ ಕಂಪನಿಯನ್ನೋ ಖಾತೆಯವರನ್ನೋ ಕೇಳಬೇಕು.

ಗುರುವಾರ

ಒಳಗೆ ಹೋದ ಮೇಲೆ ಮಾಡಿದ ಮೊದಲ ಕೆಲಸ, ಕೋಡಿಗೆ ಎಸ್‌ಎಂಎಸ್ ನಂಬುವುದನ್ನು ಬಿಟ್ಟದ್ದು. ಅಥೆಂಟಿಕೇಟರ್ ಆ್ಯಪ್, ಅಂದರೆ ಫೋನಿನಲ್ಲೇ ಕೋಡ್ ತಯಾರಿಸುವ ಆ್ಯಪ್ ಹಾಕಿದೆ. ಅದನ್ನು ಜೋಡಿಸಲು ಖಾತೆ ತೋರಿಸುವ ಕ್ಯೂಆರ್ ಕೋಡ್ ಒಳಗೆ ಒಂದು ಗುಟ್ಟಿನ ಕೀ ಇರುತ್ತದೆ. ಅದು ಸರ್ವರಿನ ಹತ್ತಿರವೂ ಇರುತ್ತದೆ, ಫೋನಿನ ಹತ್ತಿರವೂ ಇರುತ್ತದೆ. 1970ರ ಜನವರಿ 1ರಿಂದ ಈಚೆಗೆ ಎಷ್ಟು 30 ಸೆಕೆಂಡುಗಳು ಕಳೆದವು ಅಂತ ಎರಡೂ ಕಡೆ ಎಣಿಸಿ, ಆ ಕೀ ಜೊತೆ ಸೇರಿಸಿ ಆರಂಕಿ ತೆಗೆಯುತ್ತವೆ. 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6238 ಅನ್ನುವ ದಾಖಲೆಯಲ್ಲಿ ಈ ವಿಧಾನ ಇದೆ. ನೆಟ್‌ವರ್ಕ್ ಬೇಕಾಗಿಲ್ಲ. ಏರೋಪ್ಲೇನ್ ಮೋಡಿನಲ್ಲಿ ಇಟ್ಟು ನೋಡಿದೆ, 30 ಸೆಕೆಂಡಿಗೊಮ್ಮೆ ಅಂಕಿ ಬದಲಾಗುತ್ತಲೇ ಇತ್ತು.

ಅದೇ ಕ್ಯೂಆರನ್ನು ಹಳೆಯ ಫೋನಿನಲ್ಲೂ ಸ್ಕ್ಯಾನ್ ಮಾಡಿದೆ, ಒಂದು ಕಳೆದರೆ ಇನ್ನೊಂದು ಇರಲಿ ಅಂತ. ಅದರ ಕೋಡನ್ನು ಮಾತ್ರ ಖಾತೆ ಒಪ್ಪಲಿಲ್ಲ. ಎರಡೂ ಫೋನ್ ಪಕ್ಕ ಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ 8:17, ಹಳೆಯದರಲ್ಲಿ 8:13. ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು. ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವ ಆಯ್ಕೆ ಆನ್ ಮಾಡಿದೆ. ಎರಡೂ ಪರದೆಗಳಲ್ಲಿ ಒಂದೇ ಆರಂಕಿ ಬಂತು. ಕೋಡ್ ತಪ್ಪು ಅಂತ ಬರುತ್ತಿದ್ದರೆ ಮೊದಲು ಗಡಿಯಾರ ನೋಡಿ.

ಶುಕ್ರವಾರ

ಫೋನ್ ಕೈಯಲ್ಲಿ ಇಲ್ಲದಾಗ ಬಳಸಲು ಖಾತೆ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಎರಡು ಕಡೆ ಇಟ್ಟೆ. ಒಂದನ್ನು ಹಾಕಿ ಲಾಗಿನ್ ಆಗಿ ಪರೀಕ್ಷಿಸಿದೆ. ಒಂದು ಕೋಡ್ ಒಂದೇ ಸಲ ನಡೆಯುತ್ತದೆ, ಹಾಗಾಗಿ ಎರಡೂ ಕಾಗದದಲ್ಲಿ ಅದನ್ನು ಹೊಡೆದು ಹಾಕಿದೆ.

ಹಳೆಯ ಫೋನಿನ ಮೆಸೇಜುಗಳಲ್ಲಿ ಸ್ಟಾಪ್ ಅಂತ ಹುಡುಕಿದೆ. ಇನ್ನೂ ಎರಡು ನಂಬರಿಗೆ ಕಳಿಸಿದ್ದೇನೆ. ಅದರಲ್ಲಿ ಒಂದು ನನ್ನ ಇಮೇಲಿನ ಕೋಡ್ ಬರುವ ನಂಬರ್. ಅಲ್ಲಿ ಇನ್ನೂ ಲಾಗಿನ್ ಆಗಿದ್ದೇನೆ, ಆಗಿರುವಾಗಲೇ ಇವತ್ತು ರಾತ್ರಿ ಸರಿ ಮಾಡಬೇಕು. ಶನಿವಾರದಿಂದ ಕಾಯುತ್ತಿರುವ ಹಸಿರು ಪತಂಗದ ಫೋಟೊ ಆಮೇಲೆ.