ತರಬೇತಿಗೆ ಎರಡು ಲಕ್ಷ ಅಂತ ಬರೆದುಬಿಟ್ಟರೆ



ನಗರಸಭೆಗಳಲ್ಲಿ ಬಜೆಟ್ ಕರಡು ಬರೆಯುವ ಕಾಲದಲ್ಲಿ ನೋಡಿ. ರಸ್ತೆ, ಚರಂಡಿ, ಬೀದಿದೀಪ ಅಂದರೆ ಸದಸ್ಯರು ಗಂಟೆಗಟ್ಟಲೆ ಜಗ್ಗಾಡುತ್ತಾರೆ. ಸಿಬ್ಬಂದಿ ಪುಟವನ್ನು ತಿರುವಿಯೂ ನೋಡುವುದಿಲ್ಲ. ಹೋದ ವರ್ಷದ್ದಕ್ಕೆ ಹತ್ತು ಪರ್ಸೆಂಟ್ ಸೇರಿಸು, ತರಬೇತಿಗೆ ಎರಡು ಲಕ್ಷ ಬರೆ, ಮುಗಿಯಿತು.

ಈ ರೂಢಿ 2025-26ರ ಬಜೆಟ್‌ನಲ್ಲಿ ಮೊದಲು ಕೈಕೊಡುವಂತಿದ್ದದ್ದು ಸಂಬಳದಲ್ಲಿ. ರಾಜ್ಯದ ಏಳನೇ ವೇತನ ಆಯೋಗದ ಶ್ರೇಣಿ ಜಾರಿಯಾದದ್ದು 2024ರ ಆಗಸ್ಟ್ 1ರಿಂದ. ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಖರ್ಚನ್ನು 9ರಿಂದ ಭಾಗಿಸಿ 12ರಿಂದ ಗುಣಿಸಿದರೆ ಅದರಲ್ಲಿ ನಾಲ್ಕು ತಿಂಗಳು ಹಳೇ ಸಂಬಳವೇ ಕೂತಿರುತ್ತಿತ್ತು. ಅದಕ್ಕೇ ಡಿಸೆಂಬರ್ ಬಿಲ್ಲನ್ನೇ ಹಿಡಿಯಿರಿ. ಅದರಲ್ಲಿ ತುಟ್ಟಿಭತ್ಯೆ ಬಾಕಿ ಸೇರಿದ್ದರೆ ಕಳೆದು, 12ರಿಂದ ಗುಣಿಸಿ, ಮುಂದಿನ ತುಟ್ಟಿಭತ್ಯೆ, ವಾರ್ಷಿಕ ವೇತನ ಬಡ್ತಿ, ನಿವೃತ್ತರಾಗುವವರ ಗಳಿಕೆ ರಜೆ ನಗದೀಕರಣ ಕೂಡಿಸಿ.

ಇನ್ನು ತರಬೇತಿ. ಆ ಎರಡು ಲಕ್ಷ ಮಾರ್ಚ್ ಕೊನೆಗೂ ಹಾಗೇ ಉಳಿದಿರುತ್ತದೆ. ಮನಸ್ಸಿಲ್ಲ ಅಂತಲ್ಲ, ಕಳಿಸಲು ಜನರಿಲ್ಲ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಿಂದಲೋ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಿಂದಲೋ ಪತ್ರ ಬಂದಾಗ, ಖಾತೆ ಕೆಲಸ ನೋಡುವ ಕೇಸ್ ವರ್ಕರ್ ಮೂರು ದಿನ ಹೋದರೆ ಕೌಂಟರ್ ಮುಚ್ಚಬೇಕು. ಪಕ್ಕದವರನ್ನು ಕೂರಿಸೋಣ ಅಂದರೆ ಇ-ಆಸ್ತಿ (ಆಸ್ತಿ ದಾಖಲೆಯ ತಂತ್ರಾಂಶ) ಲಾಗಿನ್ ಹೋದವರ ಹೆಸರಿನಲ್ಲಿದೆ. ಹೀಗಾಗಿ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡೇ ತರಬೇತಿಯ ಅಂಕಿ ಬರೆಯಬೇಕು. ಕಂದಾಯ ವಿಭಾಗದಿಂದ ಆರು ಜನ, ತಲಾ ಮೂರು ದಿನ ಅಂದರೆ 18 ದಿನದ ಕೆಲಸ ಯಾರ ತಲೆಗೆ? ಅವರ ಹೆಸರು, ಪ್ರಭಾರದ ಆದೇಶ, ಲಾಗಿನ್ ಬದಲಾವಣೆ ಮೂರೂ ಮೊದಲೇ ಆಗಿರಬೇಕು.

ಏಪ್ರಿಲ್‌ನಲ್ಲಿ ಯಾರನ್ನೂ ಕಳಿಸಬೇಡಿ. ಆಸ್ತಿ ತೆರಿಗೆಯ ಶೇ. 5 ರಿಯಾಯಿತಿಗೆ ಜನ ಸಾಲು ನಿಂತಿರುತ್ತಾರೆ. ಫೆಬ್ರವರಿ, ಮಾರ್ಚ್ ವಸೂಲಿಯ ತಿಂಗಳು. ಜುಲೈನಿಂದ ನವೆಂಬರ್‌ವರೆಗೆ ಪರವಾಗಿಲ್ಲ. ಪ್ರಯಾಣ ಭತ್ಯೆಯ ಲೆಕ್ಕಶೀರ್ಷಿಕೆ ಬೇರೆ ಎಂಬುದೂ ನೆನಪಿರಲಿ: ತರಬೇತಿ ಶೀರ್ಷಿಕೆಯಲ್ಲಿ ದುಡ್ಡು ಕೊಳೆಯುತ್ತಿದ್ದರೂ ಪ್ರಯಾಣ ಭತ್ಯೆಯದರಲ್ಲಿ ಇಲ್ಲದಿದ್ದರೆ ಬಿಲ್ಲು ಆಕ್ಷೇಪಣೆ ಹೊತ್ತು ವಾಪಸ್ ಬರುತ್ತದೆ. ಸರ್ಕಾರಿ ನೌಕರರ ಆನ್‌ಲೈನ್ ಕಲಿಕೆಯ ಐಗಾಟ್ ಕರ್ಮಯೋಗಿ ಕೋರ್ಸುಗಳಿಗೆ ದುಡ್ಡು ಕೊಡಬೇಕಿಲ್ಲ, ಒಂದು ಕಂಪ್ಯೂಟರೂ ಪುರುಸೊತ್ತೂ ಬೇಕು. ಎರಡನೆಯದು ಸಿಗುವುದು ಕಷ್ಟ.

ಪೌರಕಾರ್ಮಿಕರದ್ದು ಬೇರೆಯೇ ಲೆಕ್ಕ. 700 ಜನಸಂಖ್ಯೆಗೆ ಒಬ್ಬರು ಎಂಬ ಮಾನದಂಡದಂತೆ 60,000 ಜನರ ಊರಿಗೆ 86 ಮಂದಿ. ಎಲ್ಲರನ್ನೂ ಒಂದೇ ದಿನ ಸಭಾಂಗಣದಲ್ಲಿ ಕೂರಿಸಿ ಭಾಷಣ ಕೇಳಿಸಿದರೆ ಅವತ್ತು ಊರಿನ ಕಸ ಅಲ್ಲೇ ಇರುತ್ತದೆ. 43ರ ಎರಡು ತಂಡ ಮಾಡಿ, ಹಾಜರಾತಿ ಹಾಕುವ ಜಾಗದಲ್ಲೇ, ಕೈಗವಸು ಬೂಟು ಹಾಕಿಸಿ ತೋರಿಸುವುದು ವಾಸಿ. ಇದರ ಖರ್ಚನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆಂದು ಮೀಸಲಿಡುವ ಶೇ. 24.10 ನಿಧಿಗೆ ತಳ್ಳುವ ಆಸೆ ಕೆಲವರಿಗೆ. ಅದು ಊರಿನ ಪರಿಶಿಷ್ಟರ ಕಲ್ಯಾಣದ ಹಣ, ಕಚೇರಿಯ ತರಬೇತಿ ಖರ್ಚು ಹಾಕಿದರೆ ಆಡಿಟ್‌ನವರು ಬಿಡುವುದಿಲ್ಲ.

ಹೆಚ್ಚು ಸೋರುವುದು ಹೊರಗುತ್ತಿಗೆಯಲ್ಲಿ. ಲೆಕ್ಕಕ್ಕೆಂದು ಒಬ್ಬ ಚಾಲಕನಿಗೆ 20,000 ಕೂಲಿ ಇಟ್ಟುಕೊಳ್ಳೋಣ. ಹತ್ತು ಜನಕ್ಕೆ ವರ್ಷಕ್ಕೆ 24 ಲಕ್ಷ ಅಂತ ಬರೆಯುತ್ತಾರೆ. ಮಾಲೀಕರ ಪಾಲನ್ನು ಮರೆಯುತ್ತಾರೆ: ಭವಿಷ್ಯನಿಧಿಗೆ 15,000ದ ಮಿತಿಯ ಮೇಲೆ ಶೇ. 13, ಅಂದರೆ 1,950, ಇಎಸ್‌ಐ ಎಂಬ ನೌಕರರ ವಿಮೆಗೆ ಶೇ. 3.25, ಅಂದರೆ 650. ತಲಾ 22,600 ಆಯಿತು. ವರ್ಷಕ್ಕೆ 27.12 ಲಕ್ಷ. ಏಜೆನ್ಸಿಯ ಸೇವಾ ಶುಲ್ಕ ಇದರ ಮೇಲೆ. ಇಷ್ಟಾದರೂ ಆಳು ಸಾಲದು: ಹತ್ತು ಆಟೋ ಟಿಪ್ಪರ್ ತಿಂಗಳ 30 ದಿನವೂ ಓಡಬೇಕು, ಚಾಲಕ 26 ದಿನ ಬರುತ್ತಾನೆ, 300ನ್ನು 26ರಿಂದ ಭಾಗಿಸಿದರೆ ಹನ್ನೊಂದೂವರೆ, ಅಂದರೆ ಹನ್ನೆರಡು ಜನ ಬೇಕು. ಹತ್ತಕ್ಕೇ ಟೆಂಡರ್ ಕರೆದ ಕಡೆ ವಾರದ ರಜೆಯ ದಿನ ಲೋಡರ್ ಸ್ಟೀರಿಂಗ್ ಹಿಡಿಯುತ್ತಾನೆ. ಅವನಿಗೆ ಲೈಸೆನ್ಸ್ ಇಲ್ಲದೆ ಗುದ್ದಿದರೆ ಪರಿಹಾರದ ಹಣ ಕೊನೆಗೆ ಬರುವುದು ನಗರಸಭೆಯ ತಲೆಗೇ, ಅದಕ್ಕೆ ಬಜೆಟ್‌ನಲ್ಲಿ ಶೀರ್ಷಿಕೆಯೂ ಇರುವುದಿಲ್ಲ.