ಗುಳಿಗೆ ಬಿಟ್ಟು ಶುಗರ್ ಬೇರಿನಿಂದ ತೆಗೆಯಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಮೇಡಂ, ಈ ಗುಳಿಗಿ ಇನ್ನ ಎಷ್ಟ ವರ್ಷ ನುಂಗೂದ್ರೀ? ಬೇರಸಹಿತ ಕಿತ್ತು ಹಾಕೂ ಔಷಧ ಏನೂ ಇಲ್ಲೇನ್ರೀ?"

ಬಾಗಲಕೋಟೆಯ ನವನಗರದಲ್ಲಿ ಶುಗರ್, ಬಿಪಿ ಇರುವವರಿಗೆ ಊಟದ ಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಶ್ನೆ ಕೇಳದವರು ಕಡಿಮೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ರಾತ್ರಿ ಫೋನ್ ಮಾಡಿಯೂ ಕೇಳುತ್ತಾರೆ. ಅದಕ್ಕೇ ಒಮ್ಮೆ ಪೂರ್ತಿ ಬರೆದು ಇಡುತ್ತಿದ್ದೇನೆ.

ಹೆಚ್ಚಾಗಿ ದೊಡ್ಡವರಿಗೆ ಬರುವ ಟೈಪ್ 2 ಶುಗರ್ ಬಂದು ಬಹಳ ವರ್ಷ ಆಗಿಲ್ಲ ಅಂದರೆ, ಗುಳಿಗೆ ಇಲ್ಲದೆಯೂ ಅದನ್ನು ಹತೋಟಿಯಲ್ಲಿ ಇಡುವುದು ಹಲವರಿಗೆ ಸಾಧ್ಯ. ಅದಕ್ಕೆ ಪುಡಿ, ಕಷಾಯ ಬೇಕಿಲ್ಲ. ಊಟ, ತೂಕ, ಮೈಯ ಬಲ ಈ ಮೂರನ್ನೂ ಬದಲಿಸಬೇಕು. ಇವು ಬದಲಾಗದೆ ಗುಳಿಗೆ ಮಾತ್ರ ನಿಲ್ಲಿಸಿದರೆ ಕಾಯಿಲೆ ಇದ್ದಲ್ಲೇ ಇರುತ್ತದೆ. ಕಣ್ಣು, ಕಿಡ್ನಿ, ಕಾಲಿನ ನರ ಸದ್ದಿಲ್ಲದೆ ಹಾಳಾಗುತ್ತಾ ಹೋಗುತ್ತವೆ.

ಬೇರು ಎಲ್ಲಿದೆ ಅನ್ನುವುದು ಈಗ ಸಾಕಷ್ಟು ಗೊತ್ತಾಗಿದೆ. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ತಿಂದದ್ದು ಕೊಬ್ಬಾಗಿ ಮೊದಲು ಲಿವರ್‌ನಲ್ಲಿ, ಆಮೇಲೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ತಯಾರಿಸುವ ಮೇದೋಜೀರಕದಲ್ಲಿ ಕೂರುತ್ತದೆ. ಆಗ ಎರಡೂ ತಮ್ಮ ಕೆಲಸ ಸರಿಯಾಗಿ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ರಾಯ್ ಟೇಲರ್ ಮತ್ತು ಮೈಕೆಲ್ ಲೀನ್ ಎಂಬ ಸಂಶೋಧಕರ ನೇತೃತ್ವದಲ್ಲಿ ಇದರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಪ್ರಕಟವಾಯಿತು. ಶುಗರ್ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ ಸುಮಾರು 300 ಜನರನ್ನು ಆರಿಸಿದ್ದರು. ಅವರಲ್ಲಿ ಅರ್ಧ ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ. ಒಂದು ವರ್ಷ ಆದಾಗ ಆ ಗುಂಪಿನ 46% ಜನರ ಶುಗರ್ ಗುಳಿಗೆಯಿಲ್ಲದೆ ಕಾಯಿಲೆಯ ಮಟ್ಟಕ್ಕಿಂತ ಕೆಳಗೆ ಇತ್ತು. 15 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಂತೂ 86%. ಎರಡನೇ ವರ್ಷಕ್ಕೆ ಆ 46% ಇಳಿದು 36% ಆಯಿತು. ತೂಕ ಮರಳಿ ಬಂದವರಿಗೆ ಶುಗರ್ ಕೂಡ ಮರಳಿ ಬಂತು.

ಅಲ್ಲಿ ಗುಳಿಗೆಯನ್ನು ಮೊದಲ ದಿನವೇ ನಿಲ್ಲಿಸಿದ್ದರು, ನಿಜ. ಇದನ್ನೇ ಹಿಡಿದು "ಗುಳಿಗೆ ಬಿಟ್ಟುಬಿಡಿ" ಅಂತ ವಾಟ್ಸಾಪಿನಲ್ಲಿ ಏನೇನೋ ಹರಿದಾಡುತ್ತದೆ. ಆದರೆ ಊಟವೂ ಅದೇ ದಿನ 850 ಕ್ಯಾಲೊರಿಗೆ ಇಳಿದಿತ್ತು. ನೋಡಿಕೊಳ್ಳಲು ತರಬೇತಿ ಪಡೆದ ನರ್ಸ್‌ಗಳು, ಆಹಾರ ತಜ್ಞರು ಇದ್ದರು. ಈ ಅರ್ಧವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

"ನಾ ಏನ್ ದಪ್ಪ ಅದೀನ್ರೀ? ಇಳಿಸೂದಾದ್ರೂ ಏನ್?" ಅಂತ ಕೇಳುವವರೂ ಬಹಳ. ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕ್ 2004ರಲ್ಲಿ ಇದಕ್ಕೆ ತಮ್ಮನ್ನೇ ಉದಾಹರಣೆ ಮಾಡಿ ತೋರಿಸಿದರು. ಅವರದೂ ಅವರ ಬ್ರಿಟಿಷ್ ಗೆಳೆಯನದೂ ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಒಂದೇ. ಆದರೆ ಮೈಯ ಕೊಬ್ಬು ಗೆಳೆಯನಲ್ಲಿ 9%, ಇವರಲ್ಲಿ 21%. ನಮ್ಮ ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು. ಹಾಗಾಗಿ ನಾನು ತೂಕಕ್ಕಿಂತ ಮೊದಲು ಟೇಪ್ ಹಿಡಿದು ಸೊಂಟ ಅಳೆಯುತ್ತೇನೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಇಳಿಸುವುದು ಇದೆ ಅಂತಲೇ ಅರ್ಥ.

ಈಗ ನಮ್ಮ ತಾಟಿನ ವಿಷಯ. "ನಮ್ಮದು ಜ್ವಾಳದ ರೊಟ್ಟಿ ಊಟ, ನಮಗ್ಯಾಕ ಶುಗರ್?" ಅಂತ ಒಬ್ಬ ಕಾಕಾ ನನ್ನ ಮುಂದೆ ಬೇಸರ ಮಾಡಿಕೊಂಡಿದ್ದರು. ಅವರ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಪರಿಹಾರ ಬಂತು, ಇಲ್ಲಿ ಸೈಟು ಸಿಕ್ಕಿತು, ಮನೆ ಆಯಿತು. ದಿನವಿಡೀ ಎಡೆ ಹೊಡೆದು, ಕಳೆ ತೆಗೆದು ದುಡಿದ ಮೈ ಈಗ ಕಟ್ಟೆಯ ಮೇಲೆ ಕೂರುತ್ತದೆ. ಊಟ ಮಾತ್ರ ಹೊಲದಲ್ಲಿ ದುಡಿಯುತ್ತಿದ್ದ ದಿನಗಳದ್ದೇ. ಮೂರು ರೊಟ್ಟಿ, ಮೇಲೆ ತಾಟು ತುಂಬ ಅನ್ನ ಸಾರು, ಕೊನೆಗೆ ಮಜ್ಜಿಗೆ ಅನ್ನ. ಐದು ಸಲ ಚಹಾ, ಪ್ರತಿ ಸಲ ಎರಡು ಚಮಚ ಸಕ್ಕರೆ. ಚಹಾದಲ್ಲೇ ದಿನಕ್ಕೆ ಸುಮಾರು 50 ಗ್ರಾಂ ಸಕ್ಕರೆ ಆಯಿತು.

ಬಿಳಿಜೋಳ ಒಳ್ಳೆಯದು, ನಾನೂ ಅದನ್ನೇ ತಿನ್ನುತ್ತೇನೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟವೇ, ಅಂದರೆ ಮೈಯಲ್ಲಿ ಸಕ್ಕರೆಯಾಗುವ ಭಾಗ. ರೊಟ್ಟಿಯ ಒಳ್ಳೆಯತನ ಅರ್ಧ ಅದರ ಜೊತೆಗಿರುವ ಪದಾರ್ಥಗಳದ್ದು. ಮಡಕಿಕಾಳಿನ ಪಲ್ಯ, ಪುಂಡಿಪಲ್ಲೆ, ಝುಣಕ, ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ, ಸೌತೆಕಾಯಿ, ಅಗಸಿ ಚಟ್ನಿ. ಇವು ತಾಟಿನ ಮೂಲೆಗೆ ಹೋಗಿ, ಅನ್ನ ನಡುವೆ ಬಂದು ಕೂತಿದೆ. ಕಾಕಾಗೆ ನಾನು ಹೇಳಿದ್ದು ಇಷ್ಟೇ. ಕಾಳು, ಸೊಪ್ಪು ಅರ್ಧ ತಾಟು, ಅದನ್ನು ಮೊದಲು ತಿನ್ನಿ. ರೊಟ್ಟಿ ಒಂದೂವರೆ. ಅನ್ನ ಬೇಕೇ ಬೇಕಂದರೆ ಕೊನೆಗೆ ಒಂದು ಸೌಟು. ಚಹಾ ಎರಡೇ ಸಲ, ಸಕ್ಕರೆ ಇಲ್ಲದೆ.

"ಸಕ್ರಿ ಬಿಟ್ಟು ಬೆಲ್ಲ ಹಾಕ್ಕೋತೀನ್ರಿ" ಅಂದರು. ಮಹಾಲಿಂಗಪುರದ ಬೆಲ್ಲದ ಪೇಟೆ ಇರುವ ಜಿಲ್ಲೆ ನಮ್ಮದು, ಈ ಮಾತು ಬಂದೇ ಬರುತ್ತದೆ. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆ. ರಕ್ತಕ್ಕೆ ಸೇರಿದ ಮೇಲೆ ವ್ಯತ್ಯಾಸ ಇಲ್ಲ. ಬಿಪಿ ಇರುವವರು ಉಪ್ಪನ್ನೂ ನೋಡಬೇಕು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ.

ನನ್ನ ಪ್ರಕಾರ ನಮ್ಮ ಕಡೆ ಯಾರೂ ಗಮನ ಕೊಡದ ಇನ್ನೊಂದು ಬೇರು ತೊಡೆಯಲ್ಲಿದೆ. ಊಟದ ಸಕ್ಕರೆಯನ್ನು ಎಳೆದುಕೊಳ್ಳುವುದರಲ್ಲಿ ದೊಡ್ಡ ಪಾಲು ಸ್ನಾಯುಗಳದ್ದು. ನಡೆಯುವಾಗ ಅವು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆಯುತ್ತವೆ. ಅದಕ್ಕೇ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಗೆ ಅಷ್ಟು ಬೆಲೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಜಾಗ ಕೊಬ್ಬಿಗೆ ಹೋಗುತ್ತದೆ. ಕೈ ಊರದೆ, ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂತು ನೋಡಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಂದಿದೆ. ಕಾಕಾ ಎರಡನೇ ಸಲಕ್ಕೇ ಕುರ್ಚಿಯ ಕೈ ಹಿಡಿದರು. ಎದ್ದವರು ತಮ್ಮ ಧೋತರ ಸರಿಸಿ ತೊಡೆ ನೋಡಿಕೊಂಡು, "ಇದ ನನ್ನ ಕಾಲೇನು?" ಅಂದರು.

"ಈ ವಯಸ್ಸಿಗೆ ಇನ್ನೇನು" ಅನ್ನುವುದು ಬೇಡ. ಅಮೆರಿಕದಲ್ಲಿ 1990ರಲ್ಲಿ ಸರಾಸರಿ 90 ವರ್ಷದ ಹತ್ತು ವೃದ್ಧರಿಗೆ ಎಂಟು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ 174% ಜಾಸ್ತಿಯಾಯಿತು. ಮನೆಯಲ್ಲಿ ಕುರ್ಚಿ ಸಾಕು, ನೀರು ತುಂಬಿದ ಬಾಟಲಿ ಸಾಕು. ಜೊತೆಗೆ ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಬೇಕು.

ಇನ್ನು ಪುಡಿಗಳು. ಸಂತೆಯಲ್ಲಿ, ಮೊಬೈಲಿನಲ್ಲಿ "ಶುಗರ್ ಬೇರುಸಹಿತ ಮಾಯ" ಅಂತ ಮಾರುತ್ತಾರೆ. ಹಾಗೆ ಜಾಹೀರಾತು ಕೊಡುವುದೇ, ಮಾಯಾ ಔಷಧಗಳ ಜಾಹೀರಾತು ತಡೆಯುವ 1954ರ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದ ಬೋಸ್ಟನ್ನಿನ ಅಂಗಡಿಗಳಲ್ಲಿ ಸಿಗುತ್ತಿದ್ದ 70 ಆಯುರ್ವೇದದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅದು ವರದಿಯಾದದ್ದು 2004ರಲ್ಲಿ. ಆಯುರ್ವೇದ ಹೇಳುವ ಪಥ್ಯ, ಹೊತ್ತಿಗೆ ಸರಿಯಾದ ಊಟ, ನಿದ್ದೆ ಎಲ್ಲ ನನಗೆ ಒಪ್ಪಿಗೆ. ಏನಿದೆ ಅಂತ ಬರೆಯದ ಡಬ್ಬಿ ಮಾತ್ರ ಒಪ್ಪಿಗೆ ಇಲ್ಲ.

ಕೆಲವರು ಗುಳಿಗೆ, ಇಂಜೆಕ್ಷನ್ ಬಿಡುವ ಯೋಚನೆ ಮಾಡಲೇಬಾರದು. ಚಿಕ್ಕ ವಯಸ್ಸಿನಲ್ಲಿ ಸಾಮಾನ್ಯವಾಗಿ ಬರುವ ಟೈಪ್ 1ರಲ್ಲಿ ಮೈ ಇನ್ಸುಲಿನ್ ತಯಾರಿಸುವುದೇ ಇಲ್ಲ. ಆ ಮಗುವಿನ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ಊಟ ಕಡಿಮೆ ಮಾಡುವ ಪ್ರಯೋಗಕ್ಕೆ ಸ್ವಂತವಾಗಿ ಇಳಿಯಬಾರದು. ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವವರು ಸುಮ್ನೆ ಅನ್ನ, ರೊಟ್ಟಿ ಇಳಿಸಿದರೆ ಶುಗರ್ ತೀರಾ ಕೆಳಗೆ ಬಿದ್ದು ತಲೆ ಸುತ್ತಿ ಬೀಳಬಹುದು. ಊಟ ಬದಲಿಸುವ ಮೊದಲೇ ವೈದ್ಯರಿಗೆ ಹೇಳಿ, ಗುಳಿಗೆಯ ಪ್ರಮಾಣ ಅವರು ಇಳಿಸುತ್ತಾರೆ. ವರ್ಷಗಟ್ಟಲೆ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ನುಂಗಿದವರು, ಅದರಲ್ಲೂ ಸಸ್ಯಾಹಾರಿಗಳು, ವಿಟಮಿನ್ ಬಿ12 ಒಮ್ಮೆ ಪರೀಕ್ಷಿಸಿಕೊಳ್ಳಿ. ಕಾಲು ಜುಮ್ ಅನ್ನುವುದಕ್ಕೆ ಅದರ ಕೊರತೆಯೂ ಕಾರಣ ಇರಬಹುದು.

ಗುಳಿಗೆ ಇಲ್ಲದೆ ಮೂರು ತಿಂಗಳು ಕಳೆದ ಮೇಲೂ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಅದಕ್ಕೆ ರೆಮಿಷನ್ ಅನ್ನುತ್ತಾರೆ. ಆಮೇಲೂ ವರ್ಷಕ್ಕೊಮ್ಮೆಯಾದರೂ ರಕ್ತ, ಕಣ್ಣು, ಮೂತ್ರದ ಪರೀಕ್ಷೆ ಆಗಲೇಬೇಕು. ನನ್ನ ಹತ್ತಿರ ಬರುವವರು ಹಳೆಯ ರಿಪೋರ್ಟು, ನುಂಗುವ ಗುಳಿಗೆಯ ಚೀಟಿ ಎರಡೂ ತನ್ನಿ. ಮನೆಯಲ್ಲಿ ಪುಡಿಯ ಡಬ್ಬಿ ಇದ್ದರೆ ಮುಚ್ಚಿಡದೆ ಅದನ್ನೂ ತನ್ನಿ, ನಾನು ಬೈಯುವುದಿಲ್ಲ. ಅಡುಗೆ ಮಾಡುವವರನ್ನೂ ಕರೆದುಕೊಂಡು ಬನ್ನಿ.